ಇಂದ್ರಾ ಆಂಟಿಯ ದೀಪಾವಳಿ ಒಂದು ದಿನ ಮೊದಲು

ಇಂದ್ರಾ ಆಂಟಿ ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ನಮ್ಮಮ್ಮ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಳು. ಯಾವ ಅರ್ಧ ಎಂದು ಪತ್ತೆಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಆರನೇ ಕ್ಲಾಸು, ಶಾಲೆಯ ಡಿಬೇಟ್ ತಂಡಕ್ಕೆ ಆಗಷ್ಟೇ ಸೇರಿದ್ದೆ. ಎದುರಿನವರು ಬಾಯಿ ತೆರೆದರೆ ಸಾಕು, ಮಾತಿನಲ್ಲಿ ತೂತು ಎಲ್ಲಿದೆ ಎಂದು ಹುಡುಕುವ ಚಟ ಹತ್ತಿತ್ತು. ಆ ಚಟ ಇನ್ನೂ ಬಿಟ್ಟಿಲ್ಲ, ಬಿಡಬೇಕೆಂದು ನನಗೆ ಅನ್ನಿಸಿಯೂ ಇಲ್ಲ. ನೈರೋಬಿಯ ಲ್ಯಾವಿಂಗ್ಟನ್ನಿನಲ್ಲಿ ಒಂದೇ ಗೇಟಿನೊಳಗೆ ಎರಡು ಮನೆ, ನಡುವೆ ಒಂದು ಅಂಗಳ. ಮುಂದಿನದರಲ್ಲಿ ಅಪ್ಪ, ಅಮ್ಮ, ನಾನು. ಹಿಂದಿನ ಚಿಕ್ಕದರಲ್ಲಿ ಇಂದ್ರಾ ಆಂಟಿ ಒಬ್ಬರೇ. ಅಪ್ಪನೂ ಅವರೂ ಒಂದೇ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನೀರಿನ ಕೆಲಸ ಮಾಡುವವರು. ಅಪ್ಪ ಮೈಸೂರಿನವನು, ಅವರು ಟ್ರಿನಿಡಾಡ್ ಎಂಬ ಕೆರಿಬಿಯನ್ ದ್ವೀಪದವರು. ಅವರ ಮುತ್ತಜ್ಜನ ಕಾಲದವರು ಕಬ್ಬು ಕಡಿಯಲು ಹಡಗು ಹತ್ತಿ ಹೋದವರಂತೆ. ಅವರಲ್ಲಿ ಒಬ್ಬಳು ಅಜ್ಜಿ ಮದ್ರಾಸಿನಲ್ಲಿ ಹತ್ತಿದ್ದಳಂತೆ, ಆದ್ದರಿಂದ ತಾನು ನಮ್ಮ ಪೈಕಿಯೇ ಅಂತೆ. ಈ ‘ಅಂತೆ’ಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು.

“ಮದ್ರಾಸಿಗೂ ಮೈಸೂರಿಗೂ ಏನೇ ಸಂಬಂಧ? ಹಾಗಾದ್ರೆ ಬಾಂಬೆಲಿ ಹಡಗು ಹತ್ತಿದವರೆಲ್ಲ ನಮ್ಮ ಚಿಕ್ಕಪ್ಪಂದಿರಾ?”

ಬಂದ ಹೊಸದರಲ್ಲೇ ಆಂಟಿ ಒಂದು ಪೂಜೆ ಮಾಡಿದರು. ಪುರೋಹಿತರಿಲ್ಲ. ಲ್ಯಾಪ್‌ಟಾಪಿನಲ್ಲಿ ದ್ವೀಪದ ಪಂಡಿತರೊಬ್ಬರು ಮಂತ್ರ ಹೇಳುತ್ತಿದ್ದರು, ಇವರು ಇಲ್ಲಿ ಹೂವು ಹಾಕುತ್ತಿದ್ದರು. ಮುಗಿದ ಮೇಲೆ ಉದ್ದನೆಯ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ ಅಂಗಳದ ಮೂಲೆಯಲ್ಲಿ ನೆಟ್ಟರು, ಪಕ್ಕದಲ್ಲಿ ಗುಲಾಬಿ ಬಣ್ಣದ್ದು ಇನ್ನೊಂದು. ಕೆಂಪು ಹನುಮಂತನಿಗೆ, ಗುಲಾಬಿ ಲಕ್ಷ್ಮಿಗೆ. ಅದಕ್ಕೆ ಝಂಡಿ ಎನ್ನುತ್ತಾರೆ, ದ್ವೀಪದಲ್ಲಿ ಮನೆ ಮುಂದೆ ಝಂಡಿ ಕಂಡರೆ ಹಿಂದೂಗಳ ಮನೆ ಎಂದು ಅರ್ಥ, ಗಾಳಿಗೆ ಹರಿದು ಚಿಂದಿಯಾದರೂ ತೆಗೆಯುವಂತಿಲ್ಲ ಎಂದರು. ಗೇಟು ಕಾಯುವ ಅಸ್ಕಾರಿ ಅಪ್ಪನನ್ನು ಪಕ್ಕಕ್ಕೆ ಕರೆದು, ಇದು ಯಾವ ಪಕ್ಷದ ಬಾವುಟ, ಚುನಾವಣೆ ಹತ್ತಿರ ಬರುತ್ತಿದೆ, ನಮಗೇಕೆ ಉಸಾಬರಿ ಎಂದು ಕೇಳಿದ. ಅಪ್ಪ ಹನುಮಂತನ ಪಕ್ಷ ಎಂದು ನಕ್ಕ. ಅಮ್ಮ ನಗಲಿಲ್ಲ. ಹರಿದ ಬಟ್ಟೆಯನ್ನು ದೇವರ ಹೆಸರಿನಲ್ಲಿ ನೇತುಹಾಕುವ ಪದ್ಧತಿ ಯಾವ ಶಾಸ್ತ್ರದಲ್ಲಿದೆ ಎಂಬುದು ಅವಳ ಪ್ರಶ್ನೆ. ಸಂಜೆ ಆಂಟಿ ತಟ್ಟೆಯಲ್ಲಿ ಪ್ರಸಾದ ತಂದುಕೊಟ್ಟು, ನನ್ನ ಗಲ್ಲ ಹಿಂಡಿ “ಡೂಡೂ” ಎಂದು ಕರೆದು ಹೋದರು. ದ್ವೀಪದಲ್ಲಿ ಮುದ್ದಿಗೆ ಹಾಗನ್ನುತ್ತಾರೆ. ಬಾಗಿಲು ಹಾಕಿದ್ದೇ ತಡ, ಅಮ್ಮ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು.

“ಡೂಡೂ ಅಂತೆ! ಕೋಳಿ ಕರೆದ ಹಾಗೆ. ಪ್ರಸಾದಕ್ಕೆ ಮೈದಾ ಹಾಕಿದ್ದಾಳೆ ನೋಡು. ಮೇಲೆ ಡಬ್ಬಿ ಹಾಲು. ಶುಂಠಿ ಬೇರೆ.”

“ರುಚಿಯಾಗಿದೆಯಲ್ಲ ಸುಧಾ,” ಅಪ್ಪ ಎರಡನೇ ಸಲ ಬಾಯಿಗೆ ಹಾಕಿಕೊಂಡ.

“ರುಚಿಗೂ ನಿಜಕ್ಕೂ ಏನ್ರೀ ಸಂಬಂಧ?”

ಈ ಒಂದು ಪ್ರಶ್ನೆಯಿಂದ ನಾನು ಮುಂದೆ ಎಷ್ಟೋ ಚರ್ಚೆ ಗೆದ್ದಿದ್ದೇನೆ. ಅಮ್ಮ ಮೈಸೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು. ಇಲ್ಲಿ ಅವಳಿಗಿದ್ದದ್ದು ಗಂಡನ ಜೊತೆ ಬಂದವರಿಗೆ ಕೊಡುವ ಪಾಸು. ಅದರ ಮೇಲೆ ಇರಬಹುದು, ಉಣ್ಣಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಹಾಗಾಗಿ ಕೆಮಿಸ್ಟ್ರಿಯೆಲ್ಲ ಅಡುಗೆಮನೆಗೆ ಇಳಿದಿತ್ತು. ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಪುಡಿಗಳ ಬಾಟಲಿಗಳು ಲ್ಯಾಬಿನ ಕಪಾಟಿನಂತೆ ಚೀಟಿ ಹಚ್ಚಿಕೊಂಡು ನಿಂತಿರುತ್ತಿದ್ದವು. ಸುಕುಮಾ ಸೊಪ್ಪಿನ ಪಲ್ಯಕ್ಕೆ ಎಷ್ಟು ಹೊತ್ತು ಉರಿ ಎಂಬುದಕ್ಕೆ ಅವಳು ನಾಲ್ಕಾರು ಪ್ರಯೋಗ ಮಾಡಿ ಉತ್ತರ ಕಂಡುಕೊಂಡಿದ್ದಳು. ಫ್ರಿಜ್ಜಿನ ಪಕ್ಕ ಮೈಸೂರಿನಿಂದ ಬಂದ ಕ್ಯಾಲೆಂಡರು. ಅದರ ಮೇಲೆ ಗಡಿಯಾರ. ಆ ಗಡಿಯಾರ ಮೈಸೂರಿನ ಸಮಯ ತೋರಿಸುತ್ತಿತ್ತು. ಅಜ್ಜಿಗೆ ಫೋನು ಮಾಡಲು ಅನುಕೂಲ ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಆಗಲೇ ಅನುಮಾನ. ದಿನಕ್ಕೊಂದು ಫೋನಿಗೆ ಇಡೀ ದಿನ ಓಡುವ ಗಡಿಯಾರ ಬೇಕೆ? ಎರಡೂವರೆ ಗಂಟೆ ಕೂಡಿಸಲು ಬಾರದ ಹೆಂಗಸೂ ಅವಳಲ್ಲ.

ಭಾನುವಾರ ಮಧ್ಯಾಹ್ನ ಆಂಟಿ ಊಟಕ್ಕೆ ಬರುತ್ತಿದ್ದರು, ಕರೆಯುವವನು ಅಪ್ಪ. ಊಟದ ಮೇಜಿನಲ್ಲಿ ಅವರು ತಮ್ಮ ದ್ವೀಪದ ವರ್ಷವನ್ನು ಹಬ್ಬದಿಂದ ಹಬ್ಬಕ್ಕೆ ಹೇಳುತ್ತಿದ್ದರು. ಅವರ ಇಂಗ್ಲಿಷು ರಾಗವಾಗಿ ಏರಿಳಿಯುತ್ತಿತ್ತು. ಇಲ್ಲಿ ನಾನು ಕನ್ನಡದಲ್ಲಿ ಬರೆಯುವಾಗ ಆ ರಾಗ ಕಳೆದುಹೋಗುತ್ತದೆ, ಬೇರೆ ದಾರಿಯಿಲ್ಲ. ಕಾರ್ನಿವಲ್ಲಿನ ಸೋಮವಾರ ಬೆಳಗಾಗುವ ಮೊದಲೇ ಬ್ಯಾಂಕಿನ ಮ್ಯಾನೇಜರುಗಳು, ಟೀಚರುಗಳು ಮೈಗೆಲ್ಲ ಕೆಸರು ಮೆತ್ತಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಹೋಳಿಯಲ್ಲಿ ಊರೆಲ್ಲ ನೇರಳೆ ಬಣ್ಣ. ಮೊಹರಮ್ಮಿಗೆ ಬಿದಿರು, ಬಣ್ಣದ ಕಾಗದದಲ್ಲಿ ಮನೆಯೆತ್ತರದ ಗೋಪುರ ಕಟ್ಟಿ, ಯಾರಿಗೂ ತೋರಿಸದೆ ಮುಚ್ಚಿಟ್ಟು, ಮೆರವಣಿಗೆ ಮಾಡಿ, ಕೊನೆಗೆ ಸಮುದ್ರಕ್ಕೆ ಬಿಡುತ್ತಾರೆ. ತಮಟೆ ಬಾರಿಸುವವರಲ್ಲಿ ಮುಸ್ಲಿಮರಿಗಿಂತ ಬೇರೆಯವರೇ ಜಾಸ್ತಿ. ಕ್ರಿಸ್‌ಮಸ್ಸಿನ ಕಪ್ಪು ಕೇಕಿಗೆ ದ್ರಾಕ್ಷಿಯನ್ನು ವರ್ಷವಿಡೀ ರಮ್ಮಿನಲ್ಲಿ ನೆನೆಹಾಕುತ್ತಾರೆ. ಅದನ್ನೊಮ್ಮೆ ನಮಗೂ ಕೊಟ್ಟಿದ್ದರು. ಅಮ್ಮ ಮೂಸಿ, “ಎಥನಾಲ್” ಎಂದು ಒಂದೇ ಪದದಲ್ಲಿ ತೀರ್ಪು ಕೊಟ್ಟು ಫ್ರಿಜ್ಜಿನ ಮೇಲಿಟ್ಟಳು. ಅಲ್ಲಿಂದ ಅಪ್ಪ ಸದ್ದಿಲ್ಲದೆ ಖಾಲಿ ಮಾಡಿದ.

ನಾನು ಪಾಟೀಸವಾಲಿಗೆ ಕೂರುತ್ತಿದ್ದೆ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷೇ. ಮುಸ್ಲಿಮರ ದುಃಖದ ದಿನಕ್ಕೆ ಬೇರೆಯವರು ಏಕೆ ತಮಟೆ ಹೊಡೆಯುತ್ತಾರೆ? ಅಷ್ಟು ಚೆಂದದ ಗೋಪುರವನ್ನು ನೀರಿಗೆ ಹಾಕಲು ಯಾರು ಒಪ್ಪುತ್ತಾರೆ? ಕೆಸರಿನಲ್ಲಿ ಕುಣಿದ ಬ್ಯಾಂಕ್ ಮ್ಯಾನೇಜರಿಗೆ ಹಬ್ಬ ಮುಗಿದ ಬುಧವಾರ ಯಾರು ಮರ್ಯಾದೆ ಕೊಡುತ್ತಾರೆ? ಆಂಟಿ ಒಂದಕ್ಕೂ ಸಿಟ್ಟಾಗುತ್ತಿರಲಿಲ್ಲ. “ನೀನು ಬಂದು ನೋಡು, ಡೂಡೂ,” ಎನ್ನುತ್ತಿದ್ದರು. ಅದು ಉತ್ತರವಲ್ಲ, ಜಾರಿಕೊಳ್ಳುವ ದಾರಿ ಎಂದು ನಮ್ಮ ತಂಡದಲ್ಲಿ ಕಲಿಸಿದ್ದರು. ಅವರು ಹೋದ ಮೇಲೆ ನಾನೂ ಅಮ್ಮನೂ ಪಾತ್ರೆ ತೊಳೆಯುತ್ತ ಸುಳ್ಳುಗಳನ್ನು ಬೇರ್ಪಡಿಸುತ್ತಿದ್ದೆವು. ನಮ್ಮಿಬ್ಬರ ನಡುವೆ ಅಷ್ಟು ಹತ್ತಿರದ ಹೊತ್ತು ಬೇರೆ ಇರಲಿಲ್ಲ. ಅಪ್ಪ ಒಮ್ಮೆ ನಡುವೆ ಬಾಯಿಹಾಕಿದ.

“ಮೊಹರಂ ವಿಷಯ ನಿಜ ಇರಬಹುದು ಕಣೆ. ನಮ್ಮಜ್ಜಿ ಊರಲ್ಲಿ ಬಾಬಯ್ಯನ ಹಬ್ಬಕ್ಕೆ ಹುಲಿವೇಷ ಹಾಕ್ತಿದ್ದೋರೆಲ್ಲ ನಮ್ಮೋರೇ.”

“ನೀವು ಅವಳ ವಕೀಲರು, ಗೊತ್ತಲ್ಲ,” ಅಮ್ಮ ನಲ್ಲಿ ಜೋರಾಗಿ ತಿರುಗಿಸಿದಳು.

ದೊಡ್ಡವಳಾದ ಮೇಲೆ ನಾನು ಹುಡುಕಿ ನೋಡಿದ್ದೇನೆ. ಆಂಟಿ ಹೇಳಿದ್ದು ಬಹುಪಾಲು ನಿಜವೇ. ಬ್ಯಾಂಕ್ ಮ್ಯಾನೇಜರಿನ ಬಗ್ಗೆ ಮಾತ್ರ ನನಗೆ ಇನ್ನೂ ಪುರಾವೆ ಸಿಕ್ಕಿಲ್ಲ.

ಗೌರಿ ಹಬ್ಬದ ಸಂಜೆ ಪ್ರಕರಣಕ್ಕೆ ಬೇರೆ ತಿರುವು ಸಿಕ್ಕಿತು. ಸೌತ್ ಸಿ ಬಡಾವಣೆಯಿಂದ ನಮ್ಮ ಕನ್ನಡದವರ ನಾಲ್ಕಾರು ಮನೆಯ ಹೆಂಗಸರು ಬಂದಿದ್ದರು. ಗಂಡಂದಿರೆಲ್ಲ ಬೆಂಗಳೂರಿನ ಕಂಪನಿಗಳು ಕಳಿಸಿದವರು. ಅಮ್ಮ ಎಲ್ಲರಿಗೂ ಬಾಗಿನ ಕೊಟ್ಟಳು. ಹಿಂದಿನ ಮನೆಯ ದೀಪ ಉರಿಯುತ್ತಿತ್ತು, ಆ ಕಡೆ ಯಾರೂ ಹೋಗಲಿಲ್ಲ. ಆಂಟಿಗೆ ಗಂಡ ಇದ್ದಾನೋ, ಬಿಟ್ಟಿದ್ದಾನೋ, ಇರಲೇ ಇಲ್ಲವೋ ಎಂಬುದು ಇತ್ಯರ್ಥವಾಗದೆ ಬಾಗಿನ ಕೊಡುವುದು ಹೇಗೆ ಎಂಬುದು ಅಮ್ಮನ ಸಮಜಾಯಿಷಿ. ಬಂದವರಲ್ಲಿ ಒಬ್ಬರು ನನ್ನನ್ನು ಕನ್ನಡದಲ್ಲಿ ಏನೋ ಕೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅಮ್ಮನ ಕಡೆ ನೋಡಿ ನಕ್ಕರು. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

“ಬರೋ ಜೂನಿಗೆ ಇವಳನ್ನ ಮೈಸೂರಿಗೆ ಕರಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಹಾಕ್ತೀನಿ. ನೀವು ಇಲ್ಲಿ ನಿಮ್ಮ ಕೆಲಸ ಮುಗಿಸಿ.”

“ಯಾಕೆ ಈಗ?”

“ಹಿಂದಿನ ಮನೇಲಿ ಕಾಣ್ಸಲ್ವಾ ಯಾಕೆ ಅಂತ? ಭಾಷೆ ಇಲ್ಲ, ಊರು ಗೊತ್ತಿಲ್ಲ, ಮೈದಾ ಹಾಕಿ ಪ್ರಸಾದ ಮಾಡ್ತಾಳೆ. ಇವಳು ಇಲ್ಲೇ ಬೆಳೆದ್ರೆ ಅವಳೇ ಆಗ್ತಾಳೆ. ಇನ್ನೊಬ್ಬಳು ಇಂದ್ರಾ.”

ನನ್ನ ಶಾಲೆ, ನನ್ನ ತಂಡ, ಜಕರಂಡಾ ಮರದ ಕೆಳಗಿನ ನನ್ನ ಗೆಳತಿಯರು, ಎಲ್ಲವೂ ಒಂದು ಜೂನಿನಲ್ಲಿ ಮುಗಿಯುವುದಿತ್ತು. ಅದಕ್ಕೆ ಸಾಕ್ಷ್ಯ ಕೂಡಿಸಿಕೊಟ್ಟವಳು ನಾನೇ. ಇಂದ್ರಾ ಆಂಟಿ ನಕಲಿ ಎಂದು ನಾನು ಸಾಧಿಸಿದಷ್ಟೂ ನನ್ನ ಗಂಟುಮೂಟೆ ಬಿಗಿಯಾಗುತ್ತಿತ್ತು. ಡಿಬೇಟಿನಲ್ಲಿ ಚೀಟಿ ಎತ್ತಿ ಪಕ್ಷ ಬದಲಾಯಿಸುವುದುಂಟು. ನಾನು ಚೀಟಿ ಎತ್ತದೆಯೇ ಬದಲಾಯಿಸಿದೆ. ಅವತ್ತಿನಿಂದ ಆಂಟಿ ನನ್ನ ಕಕ್ಷಿದಾರರು. ಅವರ ಹಬ್ಬವೂ ಹಬ್ಬವೇ ಎಂದು ಅಮ್ಮನ ಬಾಯಲ್ಲಿ ಹೇಳಿಸಿದರೆ ನಾನು ಉಳಿಯುತ್ತೇನೆ. ನಂಬಿಕೆಯಿಂದ ಮಾಡಿದ್ದಲ್ಲ ಇದು. ಅವರ ಮೇಲೆ ನನಗೆ ಅನುಮಾನ ಹಾಗೇ ಇತ್ತು.

ಅವಕಾಶ ದೀಪಾವಳಿಗೆ ಬಂತು. ನೀರು ತುಂಬುವ ಸಂಜೆ ಅಮ್ಮ ಹಂಡೆಯ ಬದಲು, ನೀರು ಬಾರದ ದಿನಗಳಿಗೆಂದು ಬಚ್ಚಲಲ್ಲಿಟ್ಟಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಸುಣ್ಣದ ಗೆರೆ ಎಳೆದು, ಕುಂಕುಮವಿಟ್ಟು, ಅಂಗಳದ ಯಾವುದೋ ಹೆಸರಿಲ್ಲದ ಬಳ್ಳಿ ಸುತ್ತಿದಳು. ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮರುದಿನ ನಸುಕಿಗೆ ಎಣ್ಣೆ ಸ್ನಾನ, ಅದರ ಮಾರನೆಯ ಸಂಜೆ ಲಕ್ಷ್ಮೀಪೂಜೆ. ಅಜ್ಜಿ ಫೋನಿನಲ್ಲಿ ಖಾತರಿ ಮಾಡಿದ್ದಳು, ಸೌತ್ ಸಿಯವರೂ ಅಂದೇ. ಆದರೆ ಎಣ್ಣೆ ಸ್ನಾನದ ದಿನವೇ ಆಂಟಿ ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ಸಂಜೆ ದೀಪ, ಎಲ್ಲರೂ ಬನ್ನಿ ಎಂದರು. ತಮ್ಮ ಪಂಡಿತರು ಇವತ್ತೇ ಎಂದಿದ್ದಾರಂತೆ.

“ಅಮಾವಾಸ್ಯೆಗೆ ಮೊದಲೇ ದೀಪಾವಳಿ!” ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ನಾನು ಬರಲ್ಲ. ನೀವು ಬೇಕಾದ್ರೆ ಹೋಗಿ, ರೀ. ವಕೀಲರು ಹೋಗದೆ ಇದ್ರೆ ಹೇಗೆ?”

ನಾನು ಕುರ್ಚಿ ಎಳೆದು ಕ್ಯಾಲೆಂಡರಿನ ಮುಂದೆ ನಿಂತೆ. ಅಮಾವಾಸ್ಯೆ ಇವತ್ತು ರಾತ್ರಿ ಒಂಬತ್ತಕ್ಕೆ ಹಿಡಿದು ನಾಳೆ ರಾತ್ರಿ ಎಂಟಕ್ಕೆ ಬಿಡುತ್ತದೆ ಎಂದಿತ್ತು. ನಾನು ವಾದ ಮಂಡಿಸಿದ್ದು ಇಂಗ್ಲಿಷಿನಲ್ಲಿ, ಆದರೆ ವಾದ ಇಷ್ಟೇ. ಇದು ಮೈಸೂರಿನ ಒಂಬತ್ತು, ಮೈಸೂರಿನ ಎಂಟು. ಚಂದ್ರನಿಗೆ ಊರಿಲ್ಲ. ಮೈಸೂರಿನಲ್ಲಿ ರಾತ್ರಿ ಊಟ ಮುಗಿದಾಗ ಹಿಡಿಯುವ ಅಮಾವಾಸ್ಯೆ ನೈರೋಬಿಯಲ್ಲಿ ಇವತ್ತು ದೀಪ ಹಚ್ಚುವ ಹೊತ್ತಿಗೇ ಹಿಡಿಯುತ್ತದೆ. ಆಂಟಿಯ ದ್ವೀಪದಲ್ಲಿ ಆಗ ಇನ್ನೂ ಹಗಲು, ಅವರಿಗೂ ಇವತ್ತೇ ಸಂಜೆ ಅಮಾವಾಸ್ಯೆ. ನಾಳೆ ಸಂಜೆ ನೀನು ದೀಪ ಹಚ್ಚುವಾಗ ಇಲ್ಲಿ ಅಮಾವಾಸ್ಯೆ ಬಿಟ್ಟುಹೋಗಿರುತ್ತದೆ. ತಪ್ಪು ದಿನ ಮಾಡುತ್ತಿರುವವರು ಆಂಟಿಯಲ್ಲ, ನೀನು. ಪ್ಲಾಸ್ಟಿಕ್ ಡ್ರಮ್ಮು ಹಂಡೆಯಾಗುವುದಾದರೆ ಮೈದಾ ಪ್ರಸಾದ ಏಕಾಗಬಾರದು?

ಬೇರೆ ಯಾವ ಅಮ್ಮನಾದರೂ ಬೈಯುತ್ತಿದ್ದಳು. ನನ್ನಮ್ಮ ಕೈ ಒರೆಸಿಕೊಂಡು ಬಂದು ಕ್ಯಾಲೆಂಡರು ನೋಡಿದಳು, ಮೇಲಿನ ಗಡಿಯಾರ ನೋಡಿದಳು, ಬೆರಳಿನಲ್ಲಿ ಕಳೆದಳು. ಲೆಕ್ಕ ಸರಿಯಿತ್ತು. ಸರಿಯಿದ್ದ ಲೆಕ್ಕವನ್ನು ಅಲ್ಲಗಳೆಯಲು ಅವಳಿಗೆ ಬಾರದು. ನಾನು ಗೆದ್ದೆ ಎಂದುಕೊಂಡೆ.

“ಹೌದು, ಇವಳು ಹೇಳೋದು ಸರಿ,” ಅಮ್ಮ ಅಪ್ಪನ ಕಡೆ ತಿರುಗಿದಳು. “ನೋಡಿದ್ರಾ? ಇಷ್ಟು ವರ್ಷ ನಾನು ಇಲ್ಲಿ ಯಾವ ಹಬ್ಬ ಸರಿಯಾದ ದಿನ ಮಾಡಿದ್ನೋ ಏನೋ. ಅದಕ್ಕೇ ಹೇಳಿದ್ದು, ಮೈಸೂರಿಗೆ ಹೋಗ್ತೀವಿ ಅಂತ. ಇಲ್ಲಿ ಅಮಾವಾಸ್ಯೆನೂ ನಮ್ಮದಲ್ಲ.”

ನನ್ನ ಅಸ್ತ್ರವನ್ನೇ ಹಿಡಿದು ನನಗೇ ತಿರುಗಿಸಿದಳು. ಆದರೂ ಸಂಜೆ ಸೀರೆ ಬದಲಾಯಿಸಿ, ಬಟ್ಟಲಿನಲ್ಲಿ ಹೂವು ಇಟ್ಟುಕೊಂಡು ಬಂದಳು. ಲೆಕ್ಕ ಸರಿಯಾದ ಮೇಲೆ ಬಾರದೆ ಇರುವುದು ಅವಳ ಸ್ವಭಾವವಲ್ಲ. ಅಂಗಳ ಗುರುತು ಸಿಗದಂತಾಗಿತ್ತು. ಮಧ್ಯಾಹ್ನದ ಮಳೆಗೆ ಜಕರಂಡಾ ಹೂವು ಉದುರಿ ನೆಲವೆಲ್ಲ ನೇರಳೆ. ಅದರ ಮೇಲೆ ಸೀಳಿದ ಬಿದಿರನ್ನು ಕಮಾನಿನಂತೆ ಬಗ್ಗಿಸಿ, ಗಿಣ್ಣು ಗಿಣ್ಣಿಗೂ ಮಣ್ಣಿನ ಹಣತೆ ಕೂರಿಸಿದ್ದರು. ದ್ವೀಪದಲ್ಲಿ ಬೀದಿ ಉದ್ದಕ್ಕೂ ಹೀಗೆ ಕಟ್ಟುತ್ತಾರೆ ಎಂದು ಅವರು ಹೇಳಿದ್ದಾಗ ನಾನು ನಂಬಿರಲಿಲ್ಲ, ಹಸಿ ಬಿದಿರು ಅಷ್ಟು ಬಗ್ಗುವುದಿಲ್ಲ ಎಂದು ವಾದಿಸಿದ್ದೆ. ಬಗ್ಗಿತ್ತು. ಅಪ್ಪ ಎಣ್ಣೆ ಬಾಟಲಿ ಹಿಡಿದು ಹಣತೆಯಿಂದ ಹಣತೆಗೆ ಹೋಗುತ್ತಿದ್ದ. ಅಮ್ಮ ಮೆಟ್ಟಿಲ ಮೇಲೆ ಆಂಟಿಯ ಪಕ್ಕ ಕೂತು, ಬಹಳ ದಿನದಿಂದ ಮಸೆದಿಟ್ಟಿದ್ದ ಪ್ರಶ್ನೆಯನ್ನು ಮೆತ್ತಗೆ ಹೊರತೆಗೆದಳು. ನಿಮ್ಮ ತಾಯಿ ನಿಮಗೆ ಭಾಷೆ ಕಲಿಸಲಿಲ್ಲವೇ?

“ಅವಳಿಗೇ ಬರುತ್ತಿರಲಿಲ್ಲ,” ಎಂದರು ಆಂಟಿ. “ಭಾಷೆ ಹೋಯಿತು, ಹಬ್ಬ ಉಳಿಯಿತು. ಎರಡನ್ನೂ ಹೊರಲು ಕೈ ಸಾಲಲಿಲ್ಲವೇನೋ.”

ಈ ಮಾತನ್ನು ಅವರು ಮೊದಲೂ ಎಷ್ಟೋ ಕಡೆ ಹೇಳಿದ್ದಾರೆ ಎಂದು ನನಗೆ ಕೂಡಲೇ ಅನ್ನಿಸಿತು, ಅಷ್ಟು ನುಣುಪಾಗಿತ್ತು. ಅಮ್ಮನಿಗೂ ಅನ್ನಿಸಿರಬೇಕು. “ಅದಕ್ಕೇ ನಾನು ಇವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ,” ಎಂದಳು. ಆಂಟಿ ನೊಂದುಕೊಳ್ಳಲಿಲ್ಲ. ಒಳ್ಳೆಯದು ಎಂದು ತಲೆಯಾಡಿಸಿ, ಸುಮ್ಮನೆ ಮಾತಿಗೆ ಎಂಬಂತೆ, ಹೋಗಿ ಮೊದಲು ಏನು ಮಾಡುತ್ತೀಯ ಸುಧಾ ಎಂದು ಕೇಳಿದರು.

ಅಮ್ಮ ಹೇಳತೊಡಗಿದಳು. ಕಾಲೇಜಿನಲ್ಲಿ ಅವಳ ಹಳೆಯ ವಿಭಾಗದಲ್ಲಿ ಜಾಗ ಖಾಲಿಯಾಗುವುದಿದೆ. ಜೂನಿನಲ್ಲಿ ಮೊದಲ ವರ್ಷದವರು ಬರುತ್ತಾರೆ, ಪಿಪೆಟ್ ಹಿಡಿಯಲೂ ಬರುವುದಿಲ್ಲ. ಉಪ್ಪು ಯಾವುದು ಎಂದು ಕಂಡುಹಿಡಿಯಲು ಕೊಟ್ಟರೆ ಕದ್ದು ಪಕ್ಕದವರನ್ನು ಕೇಳುತ್ತಾರೆ. ಕೊಳೆತ ಮೊಟ್ಟೆಯಂಥ ವಾಸನೆಯ ಗ್ಯಾಸು ಬಿಟ್ಟಾಗ ಹುಡುಗಿಯರೆಲ್ಲ ದುಪಟ್ಟಾ ಮೂಗಿಗೆ ಹಿಡಿದು ಕಿಟಕಿಗೆ ಓಡುತ್ತಾರೆ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದಾಗ ಒಳಗೆ ಯಾರೂ ಇರದ ಆ ಹತ್ತು ನಿಮಿಷ. ಅಮ್ಮನ ಇಂಗ್ಲಿಷು ಸಾಮಾನ್ಯವಾಗಿ ಇಸ್ತ್ರಿ ಮಾಡಿದ ಬಟ್ಟೆಯಂತಿರುತ್ತಿತ್ತು. ಅವತ್ತು ಎಲ್ಲೆಂದರಲ್ಲಿ ಕನ್ನಡ ನುಗ್ಗುತ್ತಿತ್ತು, ಅರ್ಥವಾಗದಿದ್ದರೂ ಆಂಟಿ ನಿಲ್ಲಿಸಲಿಲ್ಲ. ನಾನು ಅಭ್ಯಾಸಬಲದಿಂದ ತೂತು ಹುಡುಕುತ್ತ ಕೇಳಿಸಿಕೊಂಡೆ. ಸಿಕ್ಕಿತು. ಅಷ್ಟು ಹೇಳಿದಳಲ್ಲ, ಅದರಲ್ಲಿ ನನ್ನ ಶಾಲೆ ಇರಲಿಲ್ಲ. ನನ್ನ ಕನ್ನಡ ಇರಲಿಲ್ಲ. ನಾನೇ ಇರಲಿಲ್ಲ.

ಇಂಗ್ಲಿಷಿನಲ್ಲಿ ಕೇಳಿದರೆ ಆಂಟಿಗೆ ತಿಳಿಯುತ್ತದೆ, ಅಮ್ಮ ಇನ್ನೊಬ್ಬರ ಮುಂದೆ ನಿಜ ಹೇಳುವವಳಲ್ಲ. ಅಷ್ಟೇ ಲೆಕ್ಕಾಚಾರದಿಂದ ನಾನು ಕನ್ನಡದಲ್ಲಿ ಕೇಳಿದೆ.

“ಅಮ್ಮಾ, ನೀನು ಹೋಗೋದು ನನಗೋಸ್ಕರನಾ?”

ಅವಳು ನನ್ನನ್ನು ನೋಡಿದಳು. ಕನ್ನಡಕ್ಕೆ ಬೆರಗಾದಳೋ ಪ್ರಶ್ನೆಗೋ ಗೊತ್ತಾಗಲಿಲ್ಲ. ಅಪ್ಪ ಎಣ್ಣೆ ಬಾಟಲಿ ಹಿಡಿದು ನಿಂತುಬಿಟ್ಟಿದ್ದ.

“ಅಲ್ಲ,” ಎಂದಳು ಅಮ್ಮ. “ನನಗೆ ಹೋಗಬೇಕು ಕಣೆ.”

“ಮೊದಲೇ ಹೇಳಬಹುದಿತ್ತಲ್ಲ ಸುಧಾ,” ಅಪ್ಪನ ದನಿ ಸಣ್ಣದಾಗಿತ್ತು.

“ಹೇಳೋಕೆ ಕಾರಣ ಬೇಕಲ್ಲ, ರೀ. ನನಗೆ ಬೇಕು ಅಂತ ಹೆಂಗಸು ಹೇಳಿದ್ರೆ ಅದು ಕಾರಣ ಆಗುತ್ತಾ? ನಿಮ್ಮಮ್ಮ ಏನಂತಾರೆ, ನಮ್ಮಮ್ಮ ಏನಂತಾಳೆ? ಮಗಳ ಕನ್ನಡಕ್ಕೆ ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ.”

ಆಂಟಿಗೆ ಒಂದಕ್ಷರ ತಿಳಿಯದಿದ್ದರೂ ಎದ್ದು ಒಳಗೆ ಹೋದರು. ಯಾವಾಗ ಎದ್ದು ಹೋಗಬೇಕು ಎಂದು ಅವರಿಗೆ ಗೊತ್ತಿತ್ತು. ಅವರ ಬಗ್ಗೆ ನಾನು ಅನುಮಾನವಿಲ್ಲದೆ ಒಪ್ಪಿದ ಮೊದಲ ಸಂಗತಿ ಅದು.

ಜೂನಿನಲ್ಲಿ ಅಮ್ಮ ಒಬ್ಬಳೇ ಹೋದಳು. ನಾನು ಉಳಿದೆ. ಗೆಲ್ಲಬೇಕೆಂದಿದ್ದೆ, ಗೆದ್ದೆ, ಗೆದ್ದದ್ದಕ್ಕೆ ಎರಡು ತಿಂಗಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪ ಸುಕುಮಾ ಪಲ್ಯ ಸೀಯಿಸುವುದನ್ನು ಕಲಿತ. ಹಬ್ಬಕ್ಕೆ ಹಿಂದಿನ ಮನೆಯಲ್ಲಿ ಊಟ. ಅಮ್ಮ ರಜೆಗೆ ಬಂದು ಹೋಗುತ್ತಿದ್ದಳು. ಫೋನಿನಲ್ಲಿ ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ, ಲೈನು ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ ಎನ್ನುತ್ತಿದ್ದಳು. ಕನ್ನಡಕ್ಕೆ ತಿರುಗಿದ ಕೂಡಲೇ ಲೈನು ಸರಿಹೋಗುತ್ತಿತ್ತು. ಈ ಅಧ್ಯಾಯವನ್ನು ನಾನು ಬರೆಯುತ್ತಿರುವ ಭಾಷೆ ಬಂದದ್ದು ಆ ಕೆಟ್ಟ ಲೈನಿನಿಂದ.

ಆದರೆ ಒಂದು ಅನುಮಾನ ನನ್ನನ್ನು ಬಿಟ್ಟಿಲ್ಲ. ನನ್ನ ಲೆಕ್ಕದಲ್ಲಿ ಒಂದು ಸೆಕೆಂಡಿನಲ್ಲಿ ತಪ್ಪು ಹಿಡಿಯುವವಳು, ನಾನು ಹೂಡಿದ ಎಲ್ಲ ವಾದಕ್ಕೂ ತಿರುಗುಬಾಣ ಬಿಟ್ಟವಳು, ಆ ಒಂದು ಪ್ರಶ್ನೆಗೆ ಅಷ್ಟು ಸುಲಭವಾಗಿ ಹೇಗೆ ಸೋತಳು? ಯಾರಾದರೂ ಕೇಳಲಿ ಎಂದೇ ಕಾದಿದ್ದಳೇ? ಕಳೆದ ಸಲ ಮೈಸೂರಿಗೆ ಹೋದಾಗ, ಅವಳು ಲ್ಯಾಬಿನ ದಾಖಲೆ ಪುಸ್ತಕಗಳನ್ನು ತಿದ್ದುತ್ತ ಕೂತಿದ್ದಾಗ, ನೇರವಾಗಿ ಕೇಳಿಯೇಬಿಟ್ಟೆ. ಅವತ್ತು ನೀನು ನಿಜವಾಗಿ ಸೋತೆಯಾ, ಇಲ್ಲ, ಆ ಪ್ರಶ್ನೆಯನ್ನು ನನ್ನ ಬಾಯಿಂದ ನೀನೇ ಕೇಳಿಸಿದೆಯಾ?

ಅಮ್ಮ ಕನ್ನಡಕ ಮೇಲೆತ್ತಲಿಲ್ಲ. ಯಾರದೋ ಪುಸ್ತಕಕ್ಕೆ ಕೆಂಪು ಗೆರೆ ಹಾಕಿ ಹಾಳೆ ತಿರುಗಿಸಿದಳು.

“ಅವತ್ತಾ? ನಿಮ್ಮಪ್ಪ ಹಣತೆಗೆಲ್ಲ ಎಣ್ಣೆ ತುಳುಕೋ ಹಾಗೆ ಹಾಕಿದ್ರು. ಹೊಗೆಯೋ ಹೊಗೆ, ಕಣ್ಣು ಬಿಡೋಕಾಗ್ತಿರಲಿಲ್ಲ. ಅಷ್ಟೇ ನೆನಪು ನನಗೆ.”

ನಾನು ನಂಬಲಿಲ್ಲ. ಮತ್ತೆ ಕೇಳಲೂ ಇಲ್ಲ.